ಗುಬ್ಬಿಯ ಕೈಯಲ್ಲಿ ಮಾತ್ರ ನಿಲ್ಲುವ ಕಾರು

ತಂಗಿಯ ಕಾರನ್ನು ಹಗ್ಗ ಕಟ್ಟಿ ಎಳೆದುಕೊಂಡು ಬರುತ್ತಿರುವುದು ಬೀದಿಯ ತಿರುವಿನಲ್ಲೇ ಅಕ್ಕನ ಕಣ್ಣಿಗೆ ಬಿತ್ತು. ಅವಳಾಗ ಒಂದು ಸರಕು ವ್ಯಾನಿನ ಹೆಡ್‌ಲೈಟು ಬಿಚ್ಚುತ್ತ ಕುಕ್ಕರಗಾಲಿನಲ್ಲಿ ಕೂತಿದ್ದಳು. ಅಯ್ಯೋ ಪಾಪ ಎನ್ನಿಸಬೇಕಾದ ಜಾಗದಲ್ಲಿ ಅವಳಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಆಮೇಲೆ ನಾಚಿಕೆಯಾಯಿತು. ಆದರೆ ಕಾರು ಹತ್ತಿರ ಬಂದು, ಅದರ ಕಡುಹಸಿರು ಮೈಮೇಲೆ ಬೆಳಗಿನ ಬಿಸಿಲು ಜಾರಿದ್ದೇ ತಡ, ನಾಚಿಕೆ ಎತ್ತಲೋ ಹೋಗಿ ಹಳೆಯ ಉರಿ ಎದೆಯಲ್ಲಿ ಬಂದು ಕೂತಿತು.

ಅಕ್ಕನನ್ನು ಆ ಬೀದಿಯವರೆಲ್ಲ ಕರೆಯುತ್ತಿದ್ದದ್ದು ಕರೆಂಟಕ್ಕ ಎಂದು. ಗಾಡಿಗಳ ವೈರಿಂಗ್ ಕೆಲಸ ಅವಳಿಗೆ ಅಪ್ಪನಿಂದ ಬಂದದ್ದು. ಅಂಗಡಿ ಕೆಳಗೆ, ಮನೆ ಮೇಲೆ. ಕನ್ನಡಕದ ಅಂಗಡಿ ಇಟ್ಟಿದ್ದ ಗಂಡ ಬೆಳಿಗ್ಗೆ ಎದ್ದು ತನ್ನ ಪಾಡಿಗೆ ತಾನು ಹೋಗುತ್ತಿದ್ದ. ಅಪ್ಪ ಅಂಗಡಿಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು, ಊರುಗೋಲು ತೊಡೆಯ ಮೇಲಿಟ್ಟುಕೊಂಡು, ಮಗಳು ಮಾಡುವ ಪ್ರತಿ ಕೆಲಸಕ್ಕೂ ಒಂದು ಕೊಕ್ಕೆ ಹಾಕುತ್ತಿದ್ದ. ಅವನಿಗೆ ಲಕ್ವ ಹೊಡೆದು ಬಲಗೈ ಬಿದ್ದುಹೋಗಿತ್ತು. ನಾಲಿಗೆಗೆ ಮಾತ್ರ ಏನೂ ಆಗಿರಲಿಲ್ಲ.

ತಂಗಿಗೆ ಮನೆಯಲ್ಲಿ ಇಟ್ಟಿದ್ದ ಹೆಸರು ಗುಬ್ಬಿ. ಅಕ್ಕ ಬಾಗಿಲಿಗೆ ತಲೆ ತಗಲುವಷ್ಟು ಎತ್ತರ. ಗುಬ್ಬಿ ಅವಳ ಭುಜಕ್ಕೂ ಬರುತ್ತಿರಲಿಲ್ಲ. ಬಿದ್ದವರನ್ನು ಎಬ್ಬಿಸಿ ನಡೆಸುವುದು ಅವಳ ವೃತ್ತಿ. ಫಿಸಿಯೋಥೆರಪಿ ಕಲಿತು, ಊರಿನ ಇನ್ನೊಂದು ತುದಿಯಲ್ಲಿ ಮನೆ ಮಾಡಿಕೊಂಡು, ಮನೆಮನೆಗೆ ಹೋಗಿ ಕೈಕಾಲು ಆಡದವರಿಗೆ ವ್ಯಾಯಾಮ ಮಾಡಿಸುತ್ತಿದ್ದಳು. ಅಪ್ಪ ಹಾಸಿಗೆ ಹಿಡಿದಾಗ ವಾರಕ್ಕೆರಡು ಬಾರಿ ಬಂದು ಅವನನ್ನು ಎಬ್ಬಿಸಿ ನಿಲ್ಲಿಸಿದವಳು ಅವಳೇ. ಉಳಿದ ದಿನಗಳಲ್ಲಿ ಅಪ್ಪನಿಗೆ ಉಣ್ಣಿಸಿ, ಒರೆಸಿ, ಗದರಿಸಿ, ಮಗ್ಗುಲು ಬದಲಿಸಿದವಳು ಅಕ್ಕ. ಅಪ್ಪ ಕೋಲು ಹಿಡಿದು ಅಂಗಳದ ತನಕ ನಡೆದ ದಿನ ಬಂದವರೆಲ್ಲ ಹೊಗಳಿದ್ದು ಗುಬ್ಬಿಯನ್ನು. ಅದಾದ ಸ್ವಲ್ಪ ದಿನಕ್ಕೆ ಅಪ್ಪ ತನ್ನ ಕಾರಿನ ಕೀಲಿ ಗುಬ್ಬಿಯ ಕೈಗಿಟ್ಟ.

ಆ ಕಾರು ಇಬ್ಬರೇ ಕೂರುವಂಥದ್ದು. ಉದ್ದ ಮೂಗು, ಮೋಟು ಬೆನ್ನು, ಮಡಚಿ ಹಿಂದಕ್ಕೆ ಹಾಕುವ ಬಟ್ಟೆಯ ಮಾಡು. ಯಾರೋ ಗುಜರಿಗೆ ಎಸೆಯಲಿದ್ದುದನ್ನು ಅಪ್ಪ ತಂದು, ವರ್ಷಗಟ್ಟಲೆ ತಿದ್ದಿ ತೀಡಿ ಓಡುವಂತೆ ಮಾಡಿದ್ದ. ಅದರ ಒಂದೊಂದು ವೈರು ಎಳೆಯುವಾಗಲೂ ಟಾರ್ಚು ಹಿಡಿದು ಪಕ್ಕದಲ್ಲಿ ಮಲಗಿದ್ದವಳು ಅಕ್ಕ. ಗುಬ್ಬಿಗೆ ಆಗ ಗೊಂಬೆಗಳ ಹುಚ್ಚು. ಅಂಥ ಕಾರು ಅವಳ ಪಾಲಾದ ದಿನ ಅಕ್ಕ, "ಒಳ್ಳೇದಾಯ್ತು, ಓಡಾಡೋಳಿಗೆ ಬೇಕು" ಎಂದು ನಕ್ಕು, ಒಳಗೆ ಹೋಗಿ ಪಾತ್ರೆಗಳನ್ನು ಬೇಕಾದ್ದಕ್ಕಿಂತ ಜೋರಾಗಿ ತೊಳೆದಳು.

ಈಗ ಅದೇ ಕಾರು ಸತ್ತ ಎಮ್ಮೆಯಂತೆ ಬಾಗಿಲಿಗೆ ಬಂದಿತ್ತು.

"ಏನಾಗಿದೆ?" ಎಂದಳು ಅಕ್ಕ, ಎದ್ದು ಕೈ ಒರೆಸಿಕೊಳ್ಳುತ್ತ.

"ಗೊತ್ತಿಲ್ಲ ಅಕ್ಕ. ಚೆನ್ನಾಗೇ ಹೋಗ್ತಿರುತ್ತೆ. ಇದ್ದಕ್ಕಿದ್ದ ಹಾಗೆ ಉಸಿರು ಕಟ್ಟಿದ ಹಾಗೆ ಆಗಿ ನಿಂತುಬಿಡುತ್ತೆ. ಸ್ವಲ್ಪ ಹೊತ್ತು ಬಿಟ್ಟು ಕೀಲಿ ತಿರುಗಿಸಿದ್ರೆ ಏನೂ ಆಗೇ ಇಲ್ಲ ಅನ್ನೋ ಥರ ಹೊರಡುತ್ತೆ. ಇವತ್ತು ಮಾತ್ರ ಹೊರಡಲೇ ಇಲ್ಲ."

"ಯಾವಾಗಿಂದ?"

"ಕೆಲವು ತಿಂಗಳಾಯ್ತು."

"ಇಷ್ಟು ದಿನ ಎಲ್ಲಿ ತೋರಿಸ್ತಿದ್ದೆ?"

ಗುಬ್ಬಿ ನೆಲ ನೋಡಿದಳು. "ಅಲ್ಲೇ ಮನೆ ಹತ್ತಿರ ಒಬ್ರು ಬ್ಯಾಟರಿ ಹೊಸದು ಹಾಕಿದ್ರು. ಇನ್ನೊಬ್ರು ಕಾಯಿಲ್ ಬದಲಾಯಿಸಿದ್ರು. ನಿನಗೆ ಮೊದಲೇ ಕೈತುಂಬ ಕೆಲಸ, ಸುಮ್ನೆ ಯಾಕೆ ಅಂತ..."

ಸ್ವಂತ ಅಕ್ಕನೇ ಈ ಕೆಲಸದವಳಾಗಿರುವಾಗ ಕಂಡಕಂಡವರ ಕೈಗೆ ಕಾರು ಕೊಟ್ಟಿದ್ದಳು ಎಂಬುದು, ಅಪ್ಪ ಅವಳಿಗೆ ಕಾರು ಕೊಟ್ಟದ್ದಕ್ಕಿಂತ ಹೆಚ್ಚಾಗಿ ಅಕ್ಕನನ್ನು ಚುಚ್ಚಿತು. ಬಾಗಿಲ ಕುರ್ಚಿಯಿಂದ ಅಪ್ಪ ಕೂಗಿದ: "ಬಂದು ಹೋಗೋ ದೋಷ ಅದು. ಸದಾ ಇರೋ ದೋಷ ಕಳ್ಳ ಇದ್ದ ಹಾಗೆ, ಹೋಗಿ ಹಿಡೀಬಹುದು. ಬಂದು ಹೋಗೋದು ನೆಂಟ. ಬರೋ ತನಕ ಕಾಯ್ತಾ ಕೂರಬೇಕು."

"ಗೊತ್ತಪ್ಪ," ಎಂದಳು ಅಕ್ಕ. ಈ ಮಾತನ್ನು ಅವಳು ಹಾಲುಹಲ್ಲಿನ ಕಾಲದಿಂದ ಕೇಳುತ್ತಿದ್ದಳು.

ಗುಬ್ಬಿ ಬಸ್ಸು ಹಿಡಿದು ಹೋದಳು. ಅಕ್ಕ ವ್ಯಾನಿನ ಕೆಲಸ ಬದಿಗಿಟ್ಟು ಕಾರಿನಲ್ಲಿ ಕೂತಳು. ಸೀಟು ಸ್ಟೀರಿಂಗಿಗೆ ಅಂಟಿಕೊಂಡಷ್ಟು ಮುಂದಿತ್ತು. ಮೊಣಕಾಲು ಗಲ್ಲಕ್ಕೆ ಬಂತು. ಸೀಟನ್ನು ಹಿಂದಕ್ಕೆ ಜಾರಿಸಿ ಕೀಲಿ ತಿರುಗಿಸಿದಳು. ಕಾರು ಗುರ್ರೆಂದು ಎದ್ದಿತು.

ಹಾಗೆ ಎದ್ದದ್ದು ಮತ್ತೆ ನಿಲ್ಲಲೇ ಇಲ್ಲ. ಬ್ಯಾಟರಿಯ ಟರ್ಮಿನಲ್ಲುಗಳನ್ನು ಉಜ್ಜಿ ಬಿಗಿ ಮಾಡಿದಳು. ಗಾಜಿನ ಫ್ಯೂಸುಗಳನ್ನು ಒಂದೊಂದಾಗಿ ತೆಗೆದು, ಹಿಡಿಕೆಗಳ ಕಿಲುಬು ಕೆರೆದು ಮತ್ತೆ ಕೂರಿಸಿದಳು. ಇಂಜಿನ್ನಿನಿಂದ ಕಾರಿನ ಚೌಕಟ್ಟಿಗೆ ಹೋಗುವ ಅರ್ಥ್ ತಂತಿ ಎಳೆದು ನೋಡಿದಳು. ಇಂಜಿನ್ ಓಡುತ್ತಿರುವಾಗಲೇ ಬಾನೆಟ್ ತೆರೆದು, ವೈರುಗಳ ಗೊಂಚಲನ್ನು ಹಾವಾಡಿಗನಂತೆ ಹಿಡಿದು ಕುಲುಕಿದಳು. ಇಗ್ನಿಷನ್ ಸ್ವಿಚ್ಚಿಗೆ ಸ್ಕ್ರೂಡ್ರೈವರಿನ ಹಿಡಿಯಿಂದ ಕುಟ್ಟಿದಳು. ಕಾರು ಕಿವಿಗೇ ಹಾಕಿಕೊಳ್ಳಲಿಲ್ಲ. ದಿನಾ ಬೆಳಿಗ್ಗೆ ಅದನ್ನು ಊರಾಚೆಯ ರಸ್ತೆಗೆ ಒಯ್ದು ಗುಂಡಿಯಲ್ಲಿ ಇಳಿಸಿ, ದಿಬ್ಬ ಹತ್ತಿಸಿ, ತಿರುವಿನಲ್ಲಿ ಹೊರಳಿಸಿ ನೋಡಿದಳು. ಅದು ಹೊಸ ಮದುವಣಗಿತ್ತಿಯಂತೆ ಹೇಳಿದಂತೆ ಕೇಳಿತು.

ಆ ಓಟದಲ್ಲಿ ಅಕ್ಕನಿಗೆ ಇನ್ನೊಂದು ರುಚಿ ಹತ್ತಿತು. ಮಾಡು ತೆಗೆದಾಗ ಗಾಳಿ ಕಿವಿಯ ಪಕ್ಕ ಹರಿಯುವುದು, ಗೇರು ಬದಲಿಸುವಾಗ ಅಂಗೈಗೆ ಬರುವ ನಡುಕ, ದಾರಿಯಲ್ಲಿ ಜನ ತಿರುಗಿ ನೋಡುವುದು. 'ಇಷ್ಟನ್ನೂ ಅವಳು ದಿನಾ ಪಡೀತಿದ್ಲು' ಎಂದುಕೊಂಡಳು. ಕಾರು ತನ್ನ ಮಾತು ಕೇಳುತ್ತದೆ, ಅವಳ ಮಾತು ಕೇಳುವುದಿಲ್ಲ ಎಂಬುದರಲ್ಲಿ ಅವಳಿಗೆ ಒಂದು ಗುಟ್ಟಿನ ಹೆಮ್ಮೆ.

"ಕಾರಿಗೆ ಏನೂ ಆಗಿಲ್ಲ ಕಣ್ರೀ. ಓಡಿಸೋಕೆ ಬರಲ್ಲ ಅವಳಿಗೆ," ಎಂದಳು ಊಟಕ್ಕೆ ಕೂತಾಗ ಗಂಡನ ಬಳಿ.

ಗಂಡ ತಟ್ಟೆಯಿಂದ ತಲೆ ಎತ್ತದೆ, "ನಿನ್ನ ಕಣ್ಣು ಒಂದು ಸಲ ಪರೀಕ್ಷೆ ಮಾಡ್ಬೇಕು," ಎಂದ.

"ಯಾಕೆ?"

"ಹತ್ತಿರದ್ದೂ ಕಾಣುತ್ತೆ, ದೂರದ್ದೂ ಕಾಣುತ್ತೆ. ತಂಗಿ ಮಾತ್ರ ಯಾವಾಗ್ಲೂ ದೊಡ್ಡದಾಗಿ ಕಾಣ್ತಾಳೆ."

ಅಕ್ಕ ಸಾರಿನ ಸೌಟನ್ನು ಪಾತ್ರೆಗೆ ಟಕ್ಕೆಂದು ಹಾಕಿದಳು.

ಆದರೆ ಪರೀಕ್ಷೆಯ ಮಾತು ಕೆಲಸ ಮಾಡಿತು. ಕಾರು ತಂಗಿಯ ಕೈಯಲ್ಲಿ ಮಾತ್ರ ನಿಲ್ಲುವುದಾದರೆ ಪರೀಕ್ಷೆಯೂ ಅವಳ ಕೈಯಲ್ಲೇ ಆಗಬೇಕಲ್ಲ. ಅಕ್ಕ ಎರಡು ಪುಟ್ಟ ಬಲ್ಬುಗಳನ್ನು ತೆಗೆದುಕೊಂಡು, ಒಂದರ ವೈರನ್ನು ಇಂಜಿನ್ನಿಗೆ ಕಿಡಿ ಕೊಡುವ ಕಾಯಿಲ್‌ಗೂ ಇನ್ನೊಂದರದ್ದನ್ನು ಹಿಂದೆ ಟ್ಯಾಂಕಿನ ಬಳಿ ಪೆಟ್ರೋಲ್ ತಳ್ಳುವ ಪಂಪಿಗೂ ಸಿಕ್ಕಿಸಿದಳು. ಬಲ್ಬುಗಳನ್ನು ಡ್ಯಾಶ್‌ಬೋರ್ಡಿನ ಮೇಲೆ ಅಂಟಿಸಿದಳು. ಕಾರು ನಿಲ್ಲುವ ಗಳಿಗೆಯಲ್ಲಿ ಯಾವುದು ಆರುತ್ತದೋ ದೋಷ ಆ ದಾರಿಯಲ್ಲಿ. ಮತ್ತೆ ಗುಬ್ಬಿಗೆ ಫೋನು ಮಾಡಿ, "ಬಾ, ನೀನೇ ಓಡಿಸು. ನಾನು ಪಕ್ಕದಲ್ಲಿ ಕೂರ್ತೀನಿ," ಎಂದಳು.

ಗುಬ್ಬಿ ಬಂದಳು. ಕೂತವಳೇ ಸೀಟನ್ನು ಕರಕರ ಸದ್ದು ಮಾಡಿಸುತ್ತ ಕೊನೆಯ ತನಕ ಮುಂದಕ್ಕೆ ಎಳೆದುಕೊಂಡಳು. ಅವಳು ಚೆನ್ನಾಗಿಯೇ ಓಡಿಸಿದಳು. ಅಕ್ಕನಿಗೆ ಅದೂ ಹಿಡಿಸಲಿಲ್ಲ. ಊರು ದಾಟಿ ದಿಬ್ಬದ ತಿರುವಿನಲ್ಲಿ ಚಕ್ರ ಒಂದು ಗುಂಡಿಗೆ ಇಳಿದು ಎದ್ದಿತು. ಪಂಪಿನ ಬಲ್ಬು ಆರಿತು. ಕಾಯಿಲ್‌ನದು ಉರಿಯುತ್ತಲೇ ಇತ್ತು. ಒಳಗೆ ಉಳಿದಿದ್ದ ಪೆಟ್ರೋಲು ಮುಗಿಯುವ ತನಕ ಓಡಿದ ಇಂಜಿನ್ನು ಕೆಮ್ಮಿ, ಮುಗ್ಗರಿಸಿ ಸುಮ್ಮನಾಯಿತು.

"ನೋಡಿದ್ಯಾ?" ಎಂದಳು ಗುಬ್ಬಿ. "ನಾನು ಸುಳ್ಳು ಹೇಳ್ತೀನಿ ಅಂದ್ಕೊಂಡಿದ್ದೆ ತಾನೆ ನೀನು."

ಅಕ್ಕನ ಕಣ್ಣು ತಂಗಿಯ ಸೀಟಿನ ಮೇಲಿತ್ತು. "ಇಳಿ. ಸೀಟು ನಾನು ನೋಡ್ತೀನಿ," ಎಂದು ತಂಗಿಯನ್ನು ಇಳಿಸಿ, ಸೀಟನ್ನು ಮೆಲ್ಲಗೆ ಹಿಂದಕ್ಕೆ ತಳ್ಳಿದಳು. ಬಲ್ಬು ಹೊತ್ತಿತು. ಮುಂದಕ್ಕೆ ಎಳೆದು ಅಲುಗಿಸಿದಳು. ಆರಿತು. ಗುಬ್ಬಿ ಆ ಹೊತ್ತಿಗೆ ರಸ್ತೆಯ ಅಂಚಿನಲ್ಲಿ ನಿಂತು ಯಾರಿಗೋ ತಡವಾಗುತ್ತದೆಂದು ಫೋನಿನಲ್ಲಿ ಹೇಳುತ್ತಿದ್ದಳು.

ದೋಷ ಸಿಕ್ಕಿತ್ತು. ಸೀಟು ಪೂರ್ತಿ ಮುಂದಿದ್ದರೆ ಮಾತ್ರ ಅದರ ಕೆಳಗೆಲ್ಲೋ ಪಂಪಿನ ವೈರು ಬಿಟ್ಟುಕೊಳ್ಳುತ್ತದೆ. ಉದ್ದ ಕಾಲಿನವರು ಯಾರು ಓಡಿಸಿದರೂ ಕಾರು ನಿಲ್ಲುವುದಿಲ್ಲ. ಇದನ್ನು ಒಂದೇ ಮಾತಿನಲ್ಲಿ ಹೇಳಬಹುದಿತ್ತು. ಗುಬ್ಬಿ ಫೋನು ಮುಗಿಸಿ ಬಂದು, "ಏನಾದ್ರೂ ಗೊತ್ತಾಯ್ತಾ?" ಎಂದು ಕೇಳಿದಾಗ ಅಕ್ಕನ ಬಾಯಿಂದ ಬಂದದ್ದು ಬೇರೆ.

"ಹಳೇ ವೈರಿಂಗು. ಒಳಗೆಲ್ಲ ಲಡ್ಡು ಹಿಡಿದಿದೆ. ಹೀಗೇ ಓಡಿಸಿದ್ರೆ ಬೆಂಕಿ ಹತ್ತಿದ್ರೂ ಹತ್ತಬಹುದು. ಅಂಗಡಿಯಲ್ಲೇ ಬಿಡು, ನಿಧಾನಕ್ಕೆ ನೋಡೋಣ."

"ಎಷ್ಟು ದಿನ ಆಗಬಹುದು?"

"ಹೇಗೆ ಹೇಳೋದು."

ಅಂದು ಮಧ್ಯಾಹ್ನ ಅಪ್ಪ ಮೇಲೆ ಮಲಗಿದ್ದಾಗ ಅಕ್ಕ ಬೋಲ್ಟು ಬಿಚ್ಚಿ ಸೀಟನ್ನು ಹೊರಗೆತ್ತಿದಳು. ಸೀಟು ಜಾರುವ ಹಳಿಗಳು ಮೊದಲಿಗಿಂತ ಉದ್ದವಾಗಿದ್ದವು. ಅವುಗಳ ಮುಂದೆ ಗೇಣುದ್ದದ ಎರಡು ಕಬ್ಬಿಣದ ಪಟ್ಟಿ ಕೂಡಿಸಿ, ಹೊಸ ತೂತು ಕೊರೆದು ಮುಂದಕ್ಕೆ ಬೆಳೆಸಿದ್ದರು. ಗಿಡ್ಡ ಕಾಲಿಗೆ ಪೆಡಲು ಎಟುಕಲಿ ಎಂದು ಮಾಡಿದ ಏರ್ಪಾಡು. ಬೋಲ್ಟಿನ ದಾರಿಗೆ ವೈರು ಅಡ್ಡ ಬಂದಿದ್ದರಿಂದ ಅದನ್ನು ಕತ್ತರಿಸಿ ಸುತ್ತುಬಳಸಿ ಜೋಡಿಸಿದ್ದರು. ಜೋಡಣೆಗೆ ಬೆಸುಗೆ ಇರಲಿಲ್ಲ. ಬರೀ ತಿರುಚಿ ಟೇಪು ಸುತ್ತಿತ್ತು, ಅದೂ ಅಂಕುಡೊಂಕಾಗಿ. ಸೀಟು ಮುಂದೆ ಹೋದಾಗಲೆಲ್ಲ ಪಟ್ಟಿ ವೈರನ್ನು ಜಗ್ಗಿ ಜಗ್ಗಿ ಎಳೆಗಳು ಸಡಿಲಾಗಿದ್ದವು.

ಯಾರ ಕೆಲಸ ಎಂದು ಅವಳಿಗೆ ಕೇಳಬೇಕಾಗಿರಲಿಲ್ಲ. ಟೇಪಿನ ತುದಿಯನ್ನು ಒಳಕ್ಕೆ ಮಡಚಿ ಅಂಟಿಸುವವನು ಈ ಭೂಮಿಯ ಮೇಲೆ ಒಬ್ಬನೇ. ಆದರೆ ಸುತ್ತು ತಿರುಗಿದ್ದು ಎಡಕ್ಕೆ. ಲಕ್ವ ಹೊಡೆದ ಮೇಲೆ, ಎಡಗೈಯಲ್ಲಿ, ಅವಳು ಸಾಮಾನು ತರಲು ಪೇಟೆಗೆ ಹೋಗಿದ್ದ ಯಾವುದೋ ಹೊತ್ತಿನಲ್ಲಿ ಅಪ್ಪ ನೆಲದ ಮೇಲೆ ಉರುಳಿಕೊಂಡು ಇದನ್ನು ಮಾಡಿದ್ದ.

ಅಕ್ಕ ಆ ಖಾಲಿ ಕಾರಿನ ಅಂಚಿನಲ್ಲಿ ಕೂತಳು. ತನ್ನ ಅಂಗಿಯ ಒಂದು ಗುಂಡಿ ಹಾಕಿಕೊಳ್ಳಲೂ ಅವಳನ್ನು ಕೂಗುತ್ತಿದ್ದ ಅಪ್ಪ. ಗುಬ್ಬಿಗಾಗಿ ಕಬ್ಬಿಣ ಕೊರೆದಿದ್ದ.

ವೈರನ್ನು ಬೇರೆ ದಾರಿಯಲ್ಲಿ ಎಳೆದು, ಬೆಸುಗೆ ಹಾಕಿ, ಮೇಲೊಂದು ಕೊಳವೆ ತೊಡಿಸಿ, ಸೀಟು ಕೂರಿಸಿದಳು. ಕಾಫಿ ಕಾಯಿಸುವಷ್ಟು ಹೊತ್ತಿನ ಕೆಲಸ. ಕಾರು ಸರಿಯಾಯಿತು. ಅವಳು ಯಾರಿಗೂ ಹೇಳಲಿಲ್ಲ.

ಗುಬ್ಬಿ ಫೋನು ಮಾಡುತ್ತಿದ್ದಳು. "ಆಯ್ತಾ ಅಕ್ಕ?" "ಇನ್ನೂ ಸಿಕ್ಕಿಲ್ಲ." ಮತ್ತೊಂದು ದಿನ, "ಬಸ್ಸಲ್ಲಿ ಓಡಾಡಿ ಸಾಕಾಗಿದೆ. ಏನಾದ್ರೂ ಆಯ್ತಾ?" "ಒಂದು ಸಾಮಾನು ಬರಬೇಕು." ಸುಳ್ಳು ಒಂದು ಹೇಳಿದ ಮೇಲೆ ಮುಂದಿನವು ಕೋಳಿಮರಿಗಳಂತೆ ತಾವಾಗಿ ಹಿಂಬಾಲಿಸಿದವು. ಬೆಳಿಗ್ಗೆ ಎದ್ದರೆ ಅಕ್ಕನಿಗೆ ಕಾರೇ ಧ್ಯಾನ. ಮಾಡು ಮಡಚಿ, ಊರಾಚೆಯ ರಸ್ತೆಯ ಕೊನೆ ಮುಟ್ಟಿ, ಅಂಗಡಿ ತೆರೆಯುವ ಹೊತ್ತಿಗೆ ಹಿಂತಿರುಗುತ್ತಿದ್ದಳು.

ಒಂದು ಬೆಳಿಗ್ಗೆ ಹಿಂತಿರುಗಿದಾಗ ಅಪ್ಪ ಕುರ್ಚಿಯಲ್ಲಿರಲಿಲ್ಲ. ಶಟರಿನ ಪಕ್ಕ ಕೋಲೂರಿ ನಿಂತಿದ್ದ.

"ಸಿಕ್ತಲ್ಲ," ಎಂದ.

"ಏನು?"

"ದೋಷ. ಸಿಗದೇ ಇದ್ರೆ ನೀನು ಅನ್ನ ನೀರು ಬಿಡೋಳು. ಈಗ ಗುನುಗ್ತಾ ಬರ್ತಿದೀಯ."

ಅಕ್ಕನಿಗೆ ಮುಚ್ಚಿಡುವ ಮನಸ್ಸೂ ಉಳಿದಿರಲಿಲ್ಲ. "ಸಿಕ್ತು. ಸೀಟಿನ ಕೆಳಗೆ. ಬೆಸುಗೆ ಇಲ್ಲದ ಜೋಡಣೆ. ಅಂಥ ಕೆಲಸ ನಾನು ಮಾಡಿದ್ದಿದ್ರೆ ನೀನು ನನ್ನ ಕೈ ಮುರೀತಿದ್ದೆ."

ಅಪ್ಪ ಬಾಗಿಲ ಚೌಕಟ್ಟಿಗೆ ಒರಗಿದ. "ಎಡಗೈಲಿ ಬೆಸುಗೆ ಕೋಲು ನಿಲ್ಲಲಿಲ್ಲ. ಬೆರಳು ಸುಟ್ಕೊಂಡೆ."

"ನನಗೆ ಹೇಳಬಹುದಿತ್ತು."

"ನಿನಗೆ ಹೇಗೆ ಹೇಳಲಿ? ಕಾರು ನಿನಗೆ ಬೇಕಿತ್ತು ಅಂತ ನನಗೆ ಗೊತ್ತಿತ್ತು."

ಆ ಮಾತಿಗೆ ಅಕ್ಕನ ಧ್ವನಿ ಒಡೆಯಿತು. "ಗೊತ್ತಿದ್ದೂ ಅವಳಿಗೆ ಕೊಟ್ಯಾ? ನಿನ್ನ ಎತ್ತಿ ಕೂರಿಸಿ ಉಣ್ಣಿಸಿದ್ದು ಯಾರು? ಅವಳು ವಾರಕ್ಕೆ ಎರಡು ದಿನ ಬಂದು ನಗಿಸಿ ಹೋದ್ಲು, ಅವಳು ಬಂಗಾರ. ನಾನು ಏನಪ್ಪ, ಮನೆ ಕಂಬಾನಾ?"

ಬೀದಿಯಲ್ಲಿ ಹಾಲಿನ ಗಾಡಿ ಹಾದುಹೋಯಿತು.

"ಹೇಳ್ತೀನಿ ಕೇಳು. ಕೇಳಿ ಆದ್ಮೇಲೆ ಬೈದ್ರೂ ಪರವಾಗಿಲ್ಲ. ಹಾಸಿಗೆಯಿಂದ ಎದ್ದು ಮೊದಲ ದಿನ ಅಂಗಡಿಗೆ ಇಳಿದೆ ನೋಡು. ನೀನು ಒಂದು ಗೊಂಚಲು ವೈರು ಬಿಡಿಸ್ತಿದ್ದೆ. ಒಂದು ಸಲಾನೂ ತಲೆ ಎತ್ತಲಿಲ್ಲ. ನಿನ್ನ ಹತ್ತು ಬೆರಳೂ ಹಾಗೆ ಓಡ್ತಿದ್ವು. ನನ್ನದೇ ಕೈ ಅದು, ನಾನೇ ಕಲಿಸಿದ್ದು. ನನ್ನ ಹತ್ರ ಇರಲಿಲ್ಲ, ನಿನ್ನ ಹತ್ರ ಇತ್ತು. ಹೊಟ್ಟೆ ಉರಿದು ಹೋಯ್ತು ಕಣೇ ನನಗೆ."

ಅಕ್ಕ ಅವನ ಮುಖ ನೋಡಿದಳು.

"ಅಂಗಡಿ ನಿನ್ನದಾಯ್ತು. ಕೆಲಸ ನಿನ್ನದಾಯ್ತು. ಕಾರೂ ನಿನ್ನದಾದ್ರೆ ದಿನಾ ಬೆಳಿಗ್ಗೆ ನನ್ನ ಕಣ್ಣೆದುರಿಗೇ ಹೊರಡ್ತಿದ್ದೆ, ಹೀಗೇ ಗುನುಗ್ತಾ. ನೋಡೋಕೆ ಆಗಲ್ಲ ಅನ್ನಿಸ್ತು. ಗುಬ್ಬಿ ದೂರ ಇರ್ತಾಳೆ. ಕೊಟ್ರೆ ಕಣ್ಣಿಂದ ಮರೆಯಾಗುತ್ತೆ ಅಂತ ಕೊಟ್ಟೆ. ಅವಳ ಮೇಲಿನ ಪ್ರೀತಿಗಲ್ಲ."

ತಾನು ಇಷ್ಟು ವರ್ಷ ಅಪ್ಪನ ಕೊಕ್ಕೆಮಾತುಗಳನ್ನು ಕೇಳಿಸಿಕೊಂಡದ್ದು, ಅವುಗಳಿಗೆ ತಲೆಬಾಗಿದ್ದು ಅಕ್ಕನ ಮನಸ್ಸಿನಲ್ಲಿ ಸಾಲುಗಟ್ಟಿತು. ಬೈಯಬೇಕೆಂದರೆ ಬಾಯಿ ತುಂಬ ಮಾತುಗಳಿದ್ದವು. ಆದರೆ ಒಂದು ತಿಂಗಳಿನಿಂದ ತಾನು ಮಾಡುತ್ತಿದ್ದುದೂ ಇದೇ ಜಾತಿಯದು ಎಂಬುದು ಅಡ್ಡ ಬಂತು. "ಒಳಗೆ ನಡಿ, ಬಿಸಿಲು ಏರ್ತಿದೆ," ಎಂದಷ್ಟೇ ಹೇಳಿ ಅವನ ರಟ್ಟೆ ಹಿಡಿದಳು.

ಆ ದಿನವೇ ಗುಬ್ಬಿಗೆ ಫೋನು ಮಾಡಿ ನಿಜ ಹೇಳಿದಳು. ದೋಷ ಯಾವತ್ತು ಸಿಕ್ಕಿತು, ಯಾವತ್ತು ಸರಿಯಾಯಿತು, ಆಮೇಲೆ ಯಾರು ಓಡಿಸಿದರು, ಎಲ್ಲ. ಅಪ್ಪ ಹೇಳಿದ್ದನ್ನು ಮಾತ್ರ ಹೇಳಲಿಲ್ಲ. ಅದು ಅವನು ಹೇಳಿಕೊಳ್ಳಬೇಕಾದದ್ದು. ಗುಬ್ಬಿ ಅಷ್ಟನ್ನೂ ಕೇಳಿ, "ಬರ್ತಿದೀನಿ," ಎಂದಳು.

ಬಂದವಳು ಕುರ್ಚಿಯಲ್ಲಿ ಕೂರಲಿಲ್ಲ. "ಮೂರನೇ ಮಹಡಿಯಲ್ಲಿ ಒಬ್ಬಳು ಅಜ್ಜಿ ಇದ್ಲು ಅಕ್ಕ. ಸೊಂಟ ಮುರಿದಿತ್ತು. ಬಸ್ಸಲ್ಲಿ ಅವಳ ಮನೆಗೆ ಹೋಗಿ ಬರೋಕೆ ಅರ್ಧ ದಿನ ಬೇಕು. ನನ್ನಿಂದ ಆಗಲ್ಲ, ಬೇರೆಯವರನ್ನ ನೋಡ್ಕೊಳ್ಳಿ ಅಂದುಬಿಟ್ಟೆ. ಇನ್ನೇನು ಗೋಡೆ ಬಿಟ್ಟು ನಡೀತಿದ್ಲು ಅವಳು."

ಅಕ್ಕ ಕೀಲಿಯನ್ನು ಅವಳ ಕಡೆ ಚಾಚಿದಳು.

"ನಿನಗೆ ಬೇಕು ಅಂತ ಒಂದು ಮಾತು ಹೇಳಿದ್ದಿದ್ರೆ ಕೀಲಿ ಕೊಟ್ಟುಬಿಡ್ತಿದ್ದೆ," ಎಂದಳು ಗುಬ್ಬಿ. "ನಿಜ ಹೇಳಲಾ? ನನಗೆ ಯಾವತ್ತೂ ಈ ಕಾರು ಅಂಥ ಇಷ್ಟ ಇಲ್ಲ. ಮಳೆ ಬಂದ್ರೆ ಸೋರುತ್ತೆ. ಆದ್ರೆ ಈ ಮನೆಯಿಂದ ನನಗೆ ಅಂತ ಬಂದದ್ದು ಅದೊಂದೇ." ಹಾಗೆಂದು ಸೀಟನ್ನು ಮುಂದಕ್ಕೆ ಎಳೆದುಕೊಂಡು ಹೊರಟುಹೋದಳು. ಕಾರು ನಿಲ್ಲಲಿಲ್ಲ.

ಹಲವು ಭಾನುವಾರ ಅವಳು ಇತ್ತ ತಲೆ ಹಾಕಲಿಲ್ಲ. ಅಪ್ಪನಿಗೆ ಫೋನು ಬರುತ್ತಿತ್ತು, ಅಕ್ಕನಿಗಿಲ್ಲ. ಅಪ್ಪ ಫೋನು ಹಿಡಿದು ನಗುವಾಗ ಅಕ್ಕ ಇಕ್ಕುಳ ಹುಡುಕುವ ನೆಪದಲ್ಲಿ ಹತ್ತಿರ ಸುಳಿಯುತ್ತಿದ್ದಳು. ಅವನು ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಳ್ಳುತ್ತಿದ್ದ.

ಸೆಖೆ ಕಳೆದು ಗಾಳಿ ತಣ್ಣಗಾಗುವ ಹೊತ್ತಿಗೆ ಒಂದು ಭಾನುವಾರ ಬೆಳಿಗ್ಗೆ ಗುಬ್ಬಿ ಬಂದು ಕೀಲಿಯನ್ನು ಕೆಲಸದ ಮೇಜಿನ ಮೇಲಿಟ್ಟಳು. ಕೋಪ ಪೂರ್ತಿ ಹೋಗಿರಲಿಲ್ಲ. ಮುಖ ಬಿಗಿದೇ ಇತ್ತು.

"ಭಾನುವಾರ ನನಗೆ ಕೆಲಸ ಇರಲ್ಲ. ಅಪ್ಪನ ಜೊತೆ ನಾನಿರ್ತೀನಿ. ಸಂಜೆ ತನಕ ಕಾರು ನಿನ್ನದು. ಭಾನುವಾರ ಮಾತ್ರ."

"ಬೇಡ ಬಿಡು," ಎಂದಳು ಅಕ್ಕ, ಅಭ್ಯಾಸಬಲದಿಂದ.

"ಬೇಕು ಅನ್ನು ಅಕ್ಕ. ಒಂದು ಸಲ ಬಾಯಿ ಬಿಟ್ಟು ಬೇಕು ಅನ್ನು, ನೋಡೋಣ."

ಅಕ್ಕನ ಕಿವಿ ಕೆಂಪಾಯಿತು. ಗಂಡ ಮೆಟ್ಟಿಲ ಮೇಲೆ ನಿಂತು ಬೇಕೆಂದೇ ಬೇರೆ ಕಡೆ ನೋಡುತ್ತಿದ್ದ. "ಬೇಕು," ಎಂದಳು ಅವಳು ಕೊನೆಗೆ, ಔಷಧಿ ನುಂಗಿದವಳಂತೆ.

ಮಾಡು ಮಡಚಿ ಹೊರಟಳು. ಊರು ದಾಟಿತು, ದಿಬ್ಬ ಬಂತು. ರಿಪೇರಿಯ ನೆಪವಿಲ್ಲದೆ, ಯಾರಿಗೂ ಸುಳ್ಳು ಹೇಳದೆ, ಯಾರ ಹೆದರಿಕೆಯೂ ಇಲ್ಲದೆ ಅವಳು ಆ ಕಾರು ಓಡಿಸಿದ್ದು ಅದೇ ಮೊದಲು. ಗಾಳಿ ಹಿತವಾಗಿತ್ತು. ಇಂಜಿನ್ನಿನ ಸದ್ದಿನಲ್ಲಿ ಒಂದು ಕೊರತೆಯೂ ಇರಲಿಲ್ಲ. ಆದರೂ ಸ್ವಲ್ಪ ದೂರ ಹೋಗುವಷ್ಟರಲ್ಲಿ ಮನಸ್ಸು ಮನೆಯ ಕಡೆ ತಿರುಗಿತು. ಈಗ ಗುಬ್ಬಿ ಅಪ್ಪನ ಕುರ್ಚಿಯ ಪಕ್ಕ ಸ್ಟೂಲು ಎಳೆದುಕೊಂಡು ಕೂತಿರುತ್ತಾಳೆ. ಬಲಗೈಯ ಬೆರಳುಗಳನ್ನು ಒಂದೊಂದಾಗಿ ಬಿಡಿಸುತ್ತಿರುತ್ತಾಳೆ. ಅವನು ಏನೋ ಹೇಳಿ ನಗಿಸುತ್ತಿರುತ್ತಾನೆ. ಹೊಟ್ಟೆಕಿಚ್ಚಿನ ಮಾತನ್ನು ಅವಳಿಗೂ ಹೇಳಿಬಿಟ್ಟನೋ ಏನೋ. ಆ ಮಾತು ತನಗೊಬ್ಬಳಿಗೇ ಹೇಳಿದ್ದು ಎಂದು ಅಕ್ಕ ಇಷ್ಟು ದಿನ ಜೋಪಾನವಾಗಿ ಇಟ್ಟುಕೊಂಡಿದ್ದಳು.

ರಸ್ತೆಯ ಕೊನೆ ಇನ್ನೂ ದೂರವಿತ್ತು. ಅಗಲವಾದ ಜಾಗ ನೋಡಿ ಅವಳು ಕಾರು ತಿರುಗಿಸಿದಳು.